ಹೊಸ ಡಿಸ್ಕೂ ಹಳೆಯ ಬೀಗದಕೈಯೂ

ಈ ಸ್ಮರಣ ಸಂಚಿಕೆಯು ಹೊರಡುವುದಕ್ಕೆ ಒಂದು ತಿಂಗಳು ತಡವಾದುದೇಕೆಂದು ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ನಮ್ಮನ್ನು ಕೇಳಿದ್ದಾರೆ. ತಪ್ಪು ಮುದ್ರಣಾಲಯದವರದಲ್ಲ, ಲೇಖನಗಳನ್ನು ಬರೆದುಕೊಟ್ಟವರದೂ ಅಲ್ಲ. ಸಂಚಿಕೆಗೆಂದು ಬಂದ ಬರೆಹಗಳೂ ಭಾವಚಿತ್ರಗಳೂ ಅವುಗಳೊಂದಿಗೆ ಹತ್ತನೆಯ ತರಗತಿಯವರ ಆಂತರಿಕ ಅಂಕಗಳ ಪಟ್ಟಿಯೂ ನಮ್ಮ ಕಛೇರಿಯ ಒಂದೇ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. 2025ನೆಯ ಇಸವಿ ನವೆಂಬರ್ ತಿಂಗಳಲ್ಲಿ ಆ ಡಿಸ್ಕು ಕೆಟ್ಟಿತು. ಅದಕ್ಕೆ ಬದಲಾಗಿ ಹೊಸದನ್ನು ಹಾಕಿ, ಅದರ ಮೇಲೆ ಆಪರೇಟಿಂಗ್ ಸಿಸ್ಟಮ್ಮನ್ನು ಸ್ಥಾಪಿಸುವುದರಲ್ಲಿ ನಾವು ಪಟ್ಟ ತೊಡಕುಗಳನ್ನೂ ಅವುಗಳ ಕಾರಣಗಳನ್ನೂ ಇಲ್ಲಿ ವಿವರಿಸುತ್ತೇವೆ. ನಾವು ಯಂತ್ರವಿದ್ಯೆಯನ್ನು ಕಲಿತವರಲ್ಲ, ಭೂಗೋಳವನ್ನೂ ವ್ಯಾಕರಣವನ್ನೂ ಕಲಿಸುವವರು. ಆದರೂ ನಮ್ಮಲ್ಲಿ ಓದಿಹೋದ ಹುಡುಗಿಯರ ಪೈಕಿ ಎಷ್ಟೋ ಮಂದಿ ಇಂದು ಶಾಲೆಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ಆಸ್ಪತ್ರೆಗಳ ಕಛೇರಿಗಳಲ್ಲಿಯೂ ಇಂಥದೇ ಯಂತ್ರದ ಮುಂದೆ ಕುಳಿತಿರುವರಾದುದರಿಂದ ಈ ವಿಷಯವು ಅವರಿಗೆ ಉಪಯೋಗಕ್ಕೆ ಬಂದೀತೆಂದು ನಂಬಿದ್ದೇವೆ.

ಆ ಕಂಪ್ಯೂಟರನ್ನು 2019ರಲ್ಲಿ ಕೊಂಡದ್ದು. ಅದರೊಳಗೆ ಒಂದು ಟೆರಾಬೈಟಿನ, ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕು ಇತ್ತು. ಮೊದಲು ಅದು ಏಳುವುದಕ್ಕೆ ಕಾಲು ಗಂಟೆ ಹಿಡಿಯತೊಡಗಿತು. ತರುವಾಯ ಪೆಟ್ಟಿಗೆಯೊಳಗಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಕಡೆಗೊಂದು ಸೋಮವಾರ ನೀಲಿ ತೆರೆಯನ್ನು ತೋರಿಸಿ ನಿಂತುಬಿಟ್ಟಿತು. ಇಂಥ ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಆ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಬೆಲೆಯಿಲ್ಲದ ತಂತ್ರಾಂಶದಿಂದ ಅದನ್ನು ಯಾರಾದರೂ ಓದಬಹುದು. ಟಿಕ್ ಟಿಕ್ ಸದ್ದು ಕೇಳಿದ ದಿನವೇ ಓದಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು. ಪೇಟೆಯ ಒಂದು ಅಂಗಡಿಯವರು ಇಡೀ ಯಂತ್ರವನ್ನೇ ಬದಲಾಯಿಸಿರೆಂದು ಹೇಳಿದರು. ಅಷ್ಟು ಹಣ ನಮ್ಮಲ್ಲಿರಲಿಲ್ಲ. ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರ ಸಲಹೆಯಂತೆ 500 ಗಿಗಾಬೈಟಿನ ಎಸ್‌ಎಸ್‌ಡಿ ಒಂದನ್ನು ಮಾತ್ರ ತರಿಸಿದೆವು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಪೆನ್ ಡ್ರೈವಿನಲ್ಲಿರುವಂಥ ಚಿಪ್ಪುಗಳಲ್ಲಿಯೇ ಎಲ್ಲವೂ ಉಳಿಯುವುದು.

ಮುಂದಿನ ಸಂಗತಿಗಳು ತಿಳಿಯಬೇಕಾದರೆ ಗುಂಡಿಯನ್ನೊತ್ತಿದ ಮೇಲೆ ಯಂತ್ರದೊಳಗೆ ಏನು ನಡೆಯುವುದೆಂಬುದನ್ನು ಮೊದಲು ಹೇಳಬೇಕು. ನಮ್ಮ ಶಾಲೆಯ ಜವಾನನನ್ನು ನೆನೆಯಿರಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅವನು ಬರುತ್ತಾನೆ. ಗೊತ್ತಾದ ಮೊಳೆಯಿಂದ ಬೀಗದಕೈಯನ್ನು ತೆಗೆದು ಬಾಗಿಲು ತೆರೆದ ಮೇಲಲ್ಲವೇ ಉಪಾಧ್ಯಾಯಿನಿಯರೂ ಮಕ್ಕಳೂ ಒಳಗೆ ಬರುವುದು? ಕಂಪ್ಯೂಟರಿನ ತಾಯಿಹಲಗೆಯ ಮೇಲೆ ಒಂದು ಚಿಕ್ಕ ಚಿಪ್ಪಿನಲ್ಲಿ ಇಂಥ ಜವಾನನೊಬ್ಬನಿದ್ದಾನೆ. ಹಿಂದಿನ ಕಾಲದ ಜವಾನನ ಹೆಸರು ಬಯಾಸ್, ಈಗಿನವನದು ಯುಇಎಫ್‌ಐ. ಇವನು ಡಿಸ್ಕಿನಲ್ಲಿ ಗೊತ್ತಾದ ಸ್ಥಳದಲ್ಲಿರುವ ಬೀಗದಕೈಯನ್ನು, ಅಂದರೆ ಬೂಟ್ ಲೋಡರ್ ಎಂಬ ಸಣ್ಣ ಕಾರ್ಯಕ್ರಮವನ್ನು ಹುಡುಕಿ ತೆಗೆಯುತ್ತಾನೆ. ಅದು ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವುದು.

ಈ ಇಬ್ಬರು ಜವಾನರು ಬೀಗದಕೈಯನ್ನು ಹುಡುಕುವ ಸ್ಥಳ ಒಂದೇ ಅಲ್ಲ. ನಮ್ಮ ತೊಡಕುಗಳಲ್ಲಿ ಅರ್ಧಕ್ಕೆ ಇದೇ ಮೂಲ. ಬಯಾಸಿನವನು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ ನೋಡುವನು. ಡಿಸ್ಕಿನ ವಿಭಾಗಗಳ ಪಟ್ಟಿಯೂ ಅಲ್ಲಿಯೇ ಇರುವುದು. ಈ ಏರ್ಪಾಡಿಗೆ ಎಂಬಿಆರ್ ಎಂದು ಹೆಸರು. ಇದು 1983ರಿಂದ ರೂಢಿಯಲ್ಲಿದೆ. ಇದರಲ್ಲಿ ಮುಖ್ಯ ವಿಭಾಗಗಳು ನಾಲ್ಕಕ್ಕಿಂತ ಹೆಚ್ಚಾಗಲಾರವು. ಎರಡು ಟೆರಾಬೈಟಿನಿಂದ ಆಚೆಗಿರುವ ಸ್ಥಳವು ಅದರ ಲೆಕ್ಕಕ್ಕೇ ಸಿಕ್ಕದು. ಯುಇಎಫ್‌ಐಯವನು ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯನ್ನು ಓದಿ, ಅದಕ್ಕೆಂದೇ ಮೀಸಲಾದ ಒಂದು ಸಣ್ಣ ವಿಭಾಗದಿಂದ ಬೀಗದಕೈಯನ್ನು ತೆಗೆದುಕೊಳ್ಳುವನು. ಆ ವಿಭಾಗವು ಸಾಮಾನ್ಯವಾಗಿ 100 ಮೆಗಾಬೈಟಿನಷ್ಟಿರುವುದು. ಜಿಪಿಟಿಯಲ್ಲಿ ವಿಂಡೋಸು 128 ವಿಭಾಗಗಳವರೆಗೆ ಒಪ್ಪುವುದು.

ಇನ್ನು ನಮ್ಮ ಕೆಲಸಕ್ಕೆ ಬರೋಣ. ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಉಪಾಧ್ಯಾಯಿನಿಯವರೂ ನಾವೂ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರೂ ಕುಳಿತೆವು. ಒಬ್ಬಳು ತಿರುಪುಳಿಯನ್ನು ಹಿಡಿದಳು. ಇನ್ನೊಬ್ಬಳು ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೆ ಒಪ್ಪಿದಳು. ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಕಬ್ಬಿಣವನ್ನು ಕೈಯಿಂದ ಮುಟ್ಟಿ ಮೈಯ ಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ಹೊಸ ಡಿಸ್ಕನ್ನು ಸೇರಿಸಿದೆವು. ಹಳೆಯದನ್ನು ಬಿಡಿಸಲಿಲ್ಲ. ವಿಂಡೋಸು ಏಳುತ್ತಲೇ ಕಡತಗಳನ್ನು ಒಂದರಿಂದೊಂದಕ್ಕೆ ಸಾಗಿಸಿಬಿಡೋಣವೆಂಬ ಆತುರ ನಮ್ಮದು. ಇದು ದೊಡ್ಡ ತಪ್ಪೆಂಬುದು ಮುಂದೆ ತಿಳಿಯುವುದು.

ಸ್ಥಾಪನೆಯ ತೆರೆ ಬಂದಾಗ ಹೊಸ ಡಿಸ್ಕು ಪಟ್ಟಿಯಲ್ಲಿಯೇ ಇರಲಿಲ್ಲ. ಇಂಥ ಸಮಯದಲ್ಲಿ ಅನೇಕರು ಪೆನ್ ಡ್ರೈವನ್ನು ಮತ್ತೆ ಮತ್ತೆ ಸಿದ್ಧಪಡಿಸುತ್ತ ಕೂರುತ್ತಾರೆ. ಅದು ವ್ಯರ್ಥ. ಮೊದಲು ಜವಾನನನ್ನೇ ಕೇಳಬೇಕು. ಎಂದರೆ ಯಂತ್ರ ಏಳುವಾಗ ಎಫ್2 ಅಥವಾ ಡಿಲೀಟ್ ಕೀಲಿಯನ್ನೊತ್ತಿ ಯುಇಎಫ್‌ಐಯ ತೆರೆಯಲ್ಲಿ ಡಿಸ್ಕಿನ ಹೆಸರಿದೆಯೇ ಎಂದು ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ತೊಡಕು ತಂತಿಯದು, ಕೊಂಡಿಯದು, ಇಲ್ಲವೆ ಡಿಸ್ಕಿನದೇ. ಅಲ್ಲಿದ್ದು ಸ್ಥಾಪನೆಯ ತೆರೆಯಲ್ಲಿ ಮಾತ್ರ ಕಾಣದಿದ್ದರೆ ಆ ಡಿಸ್ಕನ್ನು ಮಾತನಾಡಿಸುವ ಡ್ರೈವರ್ ಎಂಬ ತಂತ್ರಾಂಶವು ಸಾಲದೆ ಹೋಗಿದೆಯೆಂದು ತಿಳಿಯತಕ್ಕದ್ದು. ನಮ್ಮದರಲ್ಲಿ ಸಾಟಾ ತಂತಿಯ ಕೊಂಡಿ ಅರ್ಧ ಮಾತ್ರ ಕೂತಿತ್ತು. ಒತ್ತಿದ ಕೂಡಲೆ ಹೆಸರು ಬಂತು. ಎರಡನೆಯ ಬಗೆಯ ತೊಡಕು ಲ್ಯಾಪ್‌ಟಾಪುಗಳಲ್ಲಿ ಹೆಚ್ಚು. ಇಂಟೆಲಿನ ಹನ್ನೊಂದನೆಯ ಪೀಳಿಗೆಯಿಂದೀಚಿನ ಅನೇಕ ಯಂತ್ರಗಳಲ್ಲಿ ವಿಎಂಡಿ ಎಂಬ ಏರ್ಪಾಡು ಡಿಸ್ಕಿಗೂ ಸ್ಥಾಪನೆಯ ಕಾರ್ಯಕ್ರಮಕ್ಕೂ ನಡುವೆ ನಿಲ್ಲುವುದು. ಆಗ ತಯಾರಕರ ತಾಣದಿಂದ ಡ್ರೈವರನ್ನು ಇಳಿಸಿ, ಬಿಚ್ಚಿ, ಪೆನ್ ಡ್ರೈವಿನಲ್ಲಿಟ್ಟು ‘ಲೋಡ್ ಡ್ರೈವರ್’ ಎಂಬಲ್ಲಿ ತೋರಿಸಿದರೆ ಡಿಸ್ಕು ಕಾಣಿಸಿಕೊಳ್ಳುವುದು.

ನಾವು ಹಾಕಬೇಕೆಂದಿದ್ದುದು ವಿಂಡೋಸ್ 11. ಹಳೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಅವರೇ ಕೊಡುವ ಸಾಧನದಿಂದ, 8 ಗಿಗಾಬೈಟಿಗೆ ಕಡಿಮೆಯಿಲ್ಲದ ಪೆನ್ ಡ್ರೈವಿನಲ್ಲಿ ಸ್ಥಾಪನೆಯ ಸಾಮಗ್ರಿಯನ್ನು ಸಿದ್ಧಮಾಡಿಕೊಳ್ಳಬಹುದು. ನಮ್ಮ ಮೊದಲನೆಯ ಪೆನ್ ಡ್ರೈವು ಅರ್ಧ ದಾರಿಯಲ್ಲಿ ಕಡತವೊಂದು ಓದಲಾಗದೆಂದು ಕೈಕೊಟ್ಟಿತು. ಬೇರೆ ಪೆನ್ ಡ್ರೈವಿನಲ್ಲಿ ಆ ದೋಷ ಕಾಣಲಿಲ್ಲ. ಬೇರೆಯದರಲ್ಲಿಯೂ ಅದೇ ದೋಷ ಕಂಡಿದ್ದರೆ ಯಂತ್ರದ ಮೆಮೊರಿಯನ್ನು ಪರೀಕ್ಷಿಸಬೇಕಾಗುತ್ತಿತ್ತು.

ಬಳಿಕ ‘ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯಲಾರದು’ ಎಂಬ ವಾಕ್ಯ ಬಂತು. ಅಂಗಡಿಯವರ ಮಾತೇ ನಿಜವಾಯಿತಲ್ಲಾ ಎಂದು ನಮಗೆ ದುಃಖವಾಯಿತು. ಆದರೆ ವಿಚಾರಿಸಲಾಗಿ ಕೊರತೆ ಯಂತ್ರದ್ದಾಗಿರಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಹಸ್ಯ ಕಾಯುವ ಅಂಗವು ಬೇಕು. ಇಂಟೆಲಿನ ಯಂತ್ರಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿಯೂ ಎಎಂಡಿಯ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿಯೂ ಒಳಗೆಯೇ ಇದ್ದು ಎಷ್ಟೋ ಸಲ ಆರಿಸಿಟ್ಟಿರುತ್ತದೆ. ನಮ್ಮದರಲ್ಲಿಯೂ ಹಾಗೆಯೇ ಇತ್ತು. ಯುಇಎಫ್‌ಐಯ ತೆರೆಯಲ್ಲಿ ಅದನ್ನು ಹೊತ್ತಿಸಿದೆವು. ಆ ವಾಕ್ಯ ಮತ್ತೆ ಬರಲಿಲ್ಲ.

ಡಿಸ್ಕನ್ನು ಆರಿಸುವ ತೆರೆಗೆ ಬಂದೆವು. ಹೊಸ ಡಿಸ್ಕನ್ನು ಆರಿಸಿದರೆ, ಇದರಲ್ಲಿರುವುದು ಎಂಬಿಆರ್ ಪಟ್ಟಿ, ಈ ಯಂತ್ರದಲ್ಲಿ ಜಿಪಿಟಿ ಡಿಸ್ಕಿನ ಮೇಲೆ ಮಾತ್ರ ಸ್ಥಾಪಿಸಬಹುದು ಎಂಬರ್ಥದ ತಕರಾರು. ಅಂಗಡಿಯಿಂದ ಬಂದ ಹೊಸ ಡಿಸ್ಕಿನಲ್ಲಿ ಸಾಮಾನ್ಯವಾಗಿ ಯಾವ ಪಟ್ಟಿಯೂ ಇರುವುದಿಲ್ಲ. ಸ್ಥಾಪನೆಯ ಕಾರ್ಯಕ್ರಮವೇ ತಕ್ಕದ್ದನ್ನು ಬರೆದುಕೊಳ್ಳುತ್ತದೆ. ಹಿಂದಿನ ದಿನ ಡಿಸ್ಕು ಒಳ್ಳೆಯದೋ ಎಂದು ನೋಡುವುದಕ್ಕೆ ಅದನ್ನು ಪ್ರಯೋಗಶಾಲೆಯ ಇನ್ನೊಂದು ಕಂಪ್ಯೂಟರಿಗೆ ಸೇರಿಸಿದ್ದಾಗ, ಯಾವ ಪಟ್ಟಿ ಬೇಕೆಂದು ಕೇಳಿದ ಪ್ರಶ್ನೆಗೆ ನಾವೇ ವಿಚಾರಮಾಡದೆ ಎಂಬಿಆರ್ ಎಂದು ಉತ್ತರಿಸಿದ್ದೆವು! ಇದೇ ತಕರಾರು ತಿರುಗುಮುರುಗಾಗಿ ಬರುವುದೂ ಉಂಟು. ಎಫ್12 ಮುಂತಾದ ಕೀಲಿಯನ್ನೊತ್ತಿದಾಗ ಬರುವ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವು ಎರಡು ಸಲ ಕಾಣಿಸಬಹುದು, ಒಂದರ ಹಿಂದೆ ಯುಇಎಫ್‌ಐ ಎಂದು ಬರೆದಿರುವುದು, ಇನ್ನೊಂದರ ಹಿಂದೆ ಇರದು. ಬರೆಯದಿರುವುದನ್ನು ಆರಿಸಿದರೆ ಯಂತ್ರವು ಬಯಾಸಿನ ರೀತಿಯಲ್ಲಿ ಎದ್ದು ಜಿಪಿಟಿ ಡಿಸ್ಕನ್ನು ಬೇಡವೆನ್ನುವುದು. ಡಿಸ್ಕಿನ ದೋಷವೆಂದು ಅದನ್ನು ಅಂಗಡಿಗೆ ಹಿಂತಿರುಗಿಸಿದವರನ್ನು ನಾವು ಬಲ್ಲೆವು.

ಇದಕ್ಕೆ ಪರಿಹಾರವೇನೆಂದರೆ, ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ತೆರೆಯೊಂದು ತೆರೆಯುವುದು. ಅದರಲ್ಲಿ ‘ಡಿಸ್ಕ್‌ಪಾರ್ಟ್’ ಎಂಬುದನ್ನು ಎಬ್ಬಿಸಿ, ‘ಲಿಸ್ಟ್ ಡಿಸ್ಕ್’ ಎಂದು ಪಟ್ಟಿಯನ್ನು ನೋಡಿ, ‘ಸೆಲೆಕ್ಟ್ ಡಿಸ್ಕ್’ ಎಂದು ಅಂಕೆಯನ್ನು ಹೇಳಿ, ‘ಕ್ಲೀನ್’ ಎಂದರೆ ಹಳೆಯ ಪಟ್ಟಿ ಅಳಿದುಹೋಗುವುದು. ‘ಕನ್ವರ್ಟ್ ಜಿಪಿಟಿ’ ಎಂದರೆ ಹೊಸ ಪಟ್ಟಿ ಬರುವುದು. ಹೇಳುವುದಕ್ಕೆ ಸುಲಭ. ಆದರೆ ‘ಕ್ಲೀನ್’ ಎಂಬ ಆ ಒಂದು ಮಾತು ‘ನಿಜವಾಗಿಯೂ ಅಳಿಸಲೇ?’ ಎಂದು ಕೇಳುವುದಿಲ್ಲ. ಹೇಳಿದ ಕ್ಷಣವೇ ಮಾಡಿಬಿಡುವುದು.

ಹೊಸ ಡಿಸ್ಕನ್ನು ತಾಯಿಹಲಗೆಯ ಮೊದಲನೆಯ ಕೊಂಡಿಗೆ ಸೇರಿಸಿದ್ದೇವಾದ್ದರಿಂದ ಅದೇ 0 ಅಂಕೆಯದಾಗಿರಬೇಕೆಂದು ಭಾವಿಸಿ ನಾವು ಅದನ್ನೇ ಆರಿಸಿಯಾಗಿತ್ತು. ‘ಕ್ಲೀನ್’ ಎಂಬುದನ್ನೂ ಬೆರಳಚ್ಚು ಮಾಡಿಯಾಗಿತ್ತು. ಎಂಟರ್ ಒತ್ತುವುದೊಂದೇ ಬಾಕಿ. ಆಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ ಹುಡುಗಿ, “ಟೀಚರ್, 0 ಎಂಬುದರ ಎದುರಿಗೆ 931 ಎಂದಿದೆ. ನಮ್ಮ ಹೊಸದು 500ರದ್ದಲ್ಲವೇ?” ಎಂದಳು.

ಕೈ ಅಲ್ಲಿಯೇ ನಿಂತಿತು. ಡಿಸ್ಕುಗಳನ್ನು ಮಾಡುವವರು ಒಂದು ಟೆರಾಬೈಟೆಂದರೆ ಒಂದರ ಮುಂದೆ ಹನ್ನೆರಡು ಸೊನ್ನೆಗಳಷ್ಟು ಬೈಟುಗಳೆಂದು ಎಣಿಸುವರು. ವಿಂಡೋಸು 1024ರ ಲೆಕ್ಕದಲ್ಲಿ ಮೂರು ಸಲ ಭಾಗಿಸಿ ಅದನ್ನೇ 931 ಗಿಗಾಬೈಟೆಂದು ತೋರಿಸುವುದು. 500ರ ಡಿಸ್ಕು 465 ಎಂದು ಕಾಣಿಸುವುದು. ಹಾಗಾದರೆ 931 ಎಂಬುದು ಹಳೆಯ ಡಿಸ್ಕು. ಈ ಸಂಚಿಕೆಯ ಬರೆಹಗಳೆಲ್ಲವೂ ಇದ್ದುದು ಅದರಲ್ಲಿಯೇ. ಅಂಕೆಗಳು ಕೊಂಡಿಗಳ ಕ್ರಮವನ್ನೇ ಅನುಸರಿಸುವುವೆಂದು ಹೇಳುವಂತಿಲ್ಲ. ಗುರುತು ಹಿಡಿಯಬೇಕಾದುದು ಅಳತೆಯಿಂದ. ಆ ಸಂಜೆ ಶಾಲೆಯಿಂದ ಮನೆಗೆ ಹೋಗುವಾಗಲೂ ನಮ್ಮ ಕೈ ನಡುಗುತ್ತಿತ್ತೆಂದು ಒಪ್ಪಿಕೊಳ್ಳುತ್ತೇವೆ. 1 ಅಂಕೆಯ ಡಿಸ್ಕನ್ನು ಆರಿಸಿ ಪಟ್ಟಿಯನ್ನು ಅಳಿಸಿದೆವು. ಸ್ಥಾಪನೆಯು ಅರ್ಧ ಗಂಟೆಯೊಳಗಾಗಿ ಮುಗಿಯಿತು. ವಿಂಡೋಸು ಹದಿನೈದು ಸೆಕೆಂಡುಗಳಲ್ಲಿ ಎದ್ದುದನ್ನು ನೋಡಿ ಹುಡುಗಿಯರು ಚಪ್ಪಾಳೆ ತಟ್ಟಿದರು.

ಮಾರನೆಯ ದಿನ, ಕೆಟ್ಟ ಡಿಸ್ಕು ಒಳಗೆ ಸುಮ್ಮನೆ ತಿರುಗುತ್ತಿರುವುದು ಬೇಡವೆಂದು ಅದನ್ನು ಬಿಡಿಸಿ ಗುಂಡಿಯನ್ನೊತ್ತಿದೆವು. ಎಬ್ಬಿಸತಕ್ಕ ಡಿಸ್ಕೇ ಇಲ್ಲವೆಂಬ ವಾಕ್ಯ ಬಂತು. ಯುಇಎಫ್‌ಐಯ ತೆರೆಯಲ್ಲಿ ನೋಡಿದರೆ ಹೊಸ ಡಿಸ್ಕಿನ ಹೆಸರು ಸರಿಯಾಗಿಯೇ ಇದೆ. ಹಳೆಯದನ್ನು ಮತ್ತೆ ಸೇರಿಸಿದರೆ ಯಂತ್ರವು ಏಳುವುದು, ಬಿಡಿಸಿದರೆ ಏಳದು. ಕೆಟ್ಟ ಡಿಸ್ಕಿಲ್ಲದೆ ಒಳ್ಳೆಯ ಡಿಸ್ಕು ಕೆಲಸ ಮಾಡದೆಂಬ ಈ ವಿಚಿತ್ರವು ಒಂದು ಮಧ್ಯಾಹ್ನವೆಲ್ಲಾ ನಮ್ಮನ್ನು ಕಾಡಿತು.

ಕಂಪ್ಯೂಟರ್ ಉಪಾಧ್ಯಾಯಿನಿಯವರು ಎರಡು ಡಿಸ್ಕುಗಳ ವಿಭಾಗಗಳನ್ನೂ ಒಂದೊಂದಾಗಿ ನೋಡಿ ಕಾರಣವನ್ನು ಕಂಡುಹಿಡಿದರು. ಹೊಸ ಡಿಸ್ಕಿನಲ್ಲಿ ವಿಂಡೋಸು ಇತ್ತು. ಆದರೆ ಬೀಗದಕೈಯ ಆ ಚಿಕ್ಕ ವಿಭಾಗ ಇರಲಿಲ್ಲ. ಸ್ಥಾಪನೆಯ ಕಾಲದಲ್ಲಿ ಹಳೆಯ ಡಿಸ್ಕೂ ಜೊತೆಯಲ್ಲಿದ್ದುದರಿಂದ, ಅದರಲ್ಲಿ ಮೊದಲೇ ಅಂಥ ವಿಭಾಗವಿರುವುದನ್ನು ಕಂಡ ವಿಂಡೋಸು ಹೊಸದೊಂದನ್ನು ಮಾಡದೆ ತನ್ನ ಬೀಗದಕೈಯನ್ನು ಅಲ್ಲಿಯೇ ತೂಗುಹಾಕಿತ್ತು. ಶಾಲೆಯನ್ನು ಹೊಸ ಕಟ್ಟಡಕ್ಕೆ ಸಾಗಿಸಿ ಬೀಗದಕೈಯನ್ನು ಹಳೆಯ ಕಟ್ಟಡದ ಮೊಳೆಯಲ್ಲಿಯೇ ಬಿಟ್ಟು ಬಂದಂತಾಯಿತು! ಹಳೆಯ ಡಿಸ್ಕು ಪೂರ್ತಿ ಸಾಯುವವರೆಗೂ ಈ ದೋಷ ಹೊರಬೀಳುತ್ತಿರಲಿಲ್ಲ. ಅದು ಸತ್ತ ದಿನ ಹೊಸದೂ ಜೊತೆಯಲ್ಲಿಯೇ ಸತ್ತಂತೆ ಕಾಣುತ್ತಿತ್ತು.

ಇದನ್ನು ಸರಿಪಡಿಸುವುದಕ್ಕೆ ಎರಡು ದಾರಿಗಳುಂಟು. ಹೊಸ ಡಿಸ್ಕಿನಲ್ಲಿ ಸ್ವಲ್ಪ ಸ್ಥಳ ಬಿಡಿಸಿ ಅಂಥ ವಿಭಾಗವನ್ನು ಮಾಡಿ, ‘ಬಿಸಿಡಿಬೂಟ್’ ಎಂಬ ಆಜ್ಞೆಯಿಂದ ಬೀಗದಕೈಯನ್ನು ಅಲ್ಲಿ ಬರೆಯಿಸುವುದು ಒಂದು. ಹೊಸ ಡಿಸ್ಕಿನಲ್ಲಿ ಬಹಳ ಕೆಲಸ ಆಗಿಹೋಗಿದ್ದರೆ ಇದೇ ಲೇಸು. ಹಳೆಯ ಡಿಸ್ಕಿನ ತಂತಿಯನ್ನು ಬಿಡಿಸಿಟ್ಟು ಎಲ್ಲವನ್ನೂ ಮೊದಲಿನಿಂದ ಸ್ಥಾಪಿಸುವುದು ಇನ್ನೊಂದು. ನಮ್ಮದರಲ್ಲಿ ಇನ್ನೂ ಏನೂ ಇರಲಿಲ್ಲವಾದ್ದರಿಂದ ಎರಡನೆಯದನ್ನೇ ಮಾಡಿದೆವು. ಇದ್ದ ವಿಭಾಗಗಳನ್ನೆಲ್ಲ ತೆಗೆದು ಬರಿಯ ಸ್ಥಳವನ್ನು ತೋರಿಸಿದರೆ ಸಾಕು, ಬೇಕಾದ ವಿಭಾಗಗಳನ್ನು ವಿಂಡೋಸು ತಾನೇ ಮಾಡಿಕೊಳ್ಳುವುದು. ಮೊದಲನೆಯ ದಿನವೇ ಆ ಒಂದು ತಂತಿಯನ್ನು ಬಿಡಿಸಿದ್ದರೆ ‘ಕ್ಲೀನ್’ ಎಂಬ ಗಂಡಾಂತರವೂ ಈ ಕಾಟವೂ ಇರುತ್ತಿರಲಿಲ್ಲ. ಸ್ಥಾಪಿಸುವಾಗ ಯಂತ್ರದೊಳಗೆ ಒಂದೇ ಡಿಸ್ಕು ಇರಬೇಕೆಂದು ನೋಟ್‌ಬುಕ್ಕಿನ ಆ ಪುಟದಲ್ಲಿ ಕೆಂಪು ಮಸಿಯಲ್ಲಿ ಬರೆದಿದೆ.

ವಿಂಡೋಸನ್ನು ಮತ್ತೆ ಕೊಳ್ಳಬೇಕಾಗುವುದೋ ಎಂದು ಕೆಲವರು ಅಂಜುತ್ತಾರೆ. ಯಂತ್ರದೊಂದಿಗೆ ಬಂದ ಡಿಜಿಟಲ್ ಪರವಾನಗಿಯು ಮುಖ್ಯವಾಗಿ ತಾಯಿಹಲಗೆಗೆ ಅಂಟಿಕೊಂಡಿರುವುದು, ಡಿಸ್ಕಿಗಲ್ಲ. ಕೀಲಿಸಂಖ್ಯೆಯನ್ನು ಕೇಳಿದಾಗ ತನ್ನಲ್ಲಿಲ್ಲವೆಂದು ಉತ್ತರಿಸಿ, ಹಿಂದೆ ಇದ್ದ ಆವೃತ್ತಿಯನ್ನೇ, ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಎಂದು ಆರಿಸಿಕೊಂಡರೆ, ಇಂಟರ್ನೆಟ್ಟಿಗೆ ಸೇರಿದ ಮೇಲೆ ತಾನಾಗಿ ಸರಿಹೋಗುವುದು. ಇದಲ್ಲದೆ ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವುದುಂಟು. ಅದನ್ನು ಬಿಡಿಸುವ 48 ಅಂಕೆಗಳ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಕಛೇರಿಯ ಕಪಾಟಿನಲ್ಲಿಟ್ಟಿದ್ದೇವೆ. ಅದಿಲ್ಲದೆ ಮುಂದೊಂದು ದಿನ ಡಿಸ್ಕನ್ನು ಬೇರೆ ಯಂತ್ರಕ್ಕೆ ಸೇರಿಸಿದರೆ ಒಂದಕ್ಷರವೂ ಓದಲು ಸಿಕ್ಕದು.

ಉಳಿದುದು ಹಳೆಯ ಡಿಸ್ಕಿನಿಂದ ಕಡತಗಳನ್ನು ತೆಗೆಯುವ ಕೆಲಸ. ನಿಜಕ್ಕೂ ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದುದು ಇದೇ, ಏಕೆಂದರೆ ಟಿಕ್ ಟಿಕ್ ಎನ್ನುವ ಡಿಸ್ಕು ತಿರುಗುವ ಒಂದೊಂದು ನಿಮಿಷವೂ ಅದರ ಆಯುಷ್ಯದಿಂದ ಕಳೆಯುವ ನಿಮಿಷವೇ. ಯುಎಸ್‌ಬಿಗೆ ಸೇರಿಸುವ ತಂತಿಯೊಂದನ್ನು ತರಿಸಿದೆವು. ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟಿನ ವಿದ್ಯುತ್ತೂ ಬೇಕು, ಸಾಮಾನ್ಯ ಯುಎಸ್‌ಬಿ ಕೊಡುವುದು 5 ವೋಲ್ಟು ಮಾತ್ರ. ಆದಕಾರಣ ಬೇರೆ ಅಡಾಪ್ಟರಿರುವ ತಂತಿಯನ್ನೇ ಕೊಳ್ಳತಕ್ಕದ್ದು. ಇಡೀ ಡಿಸ್ಕನ್ನು ಒಮ್ಮೆಲೇ ಎಳೆಯದೆ ಮೊದಲು ಅಂಕಗಳ ಪಟ್ಟಿಯನ್ನೂ ಆ ಮೇಲೆ ಸಂಚಿಕೆಯ ಬರೆಹಗಳನ್ನೂ ಕಡೆಯಲ್ಲಿ ಭಾವಚಿತ್ರಗಳನ್ನೂ ತೆಗೆದುಕೊಂಡೆವು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಸಾಧನವಿದೆ. ಅದು ಓದಲು ಬಾರದ ಸ್ಥಳಗಳನ್ನು ಬಿಟ್ಟು ಮುಂದೆ ಹೋಗಿ, ಒಳ್ಳೆಯ ಭಾಗವನ್ನು ಮೊದಲು ಉಳಿಸಿಕೊಂಡು, ತರುವಾಯ ಬಿಟ್ಟ ಸ್ಥಳಗಳಿಗೆ ಹಿಂತಿರುಗುವುದು. ಭಾವಚಿತ್ರಗಳ ವಿಷಯದಲ್ಲಿ ಅದರಿಂದ ನಮಗೆ ಬಹಳ ಉಪಕಾರವಾಯಿತು.

ಬರೆಹಗಳನ್ನು ಹೊಸ ವಿಂಡೋಸಿನಲ್ಲಿ ತೆರೆದಾಗ ಮತ್ತೊಂದು ದಿಗಿಲು. ಕನ್ನಡದ ಬದಲಿಗೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ ಕಂಡವು. ಕಡತಗಳು ಕೆಟ್ಟುಹೋದುವೆಂದು ಒಬ್ಬ ಉಪಾಧ್ಯಾಯಿನಿಯವರು ಅತ್ತೇಬಿಟ್ಟರು. ಆದರೆ ಕೆಟ್ಟಿರಲಿಲ್ಲ. ಆ ಲೇಖನಗಳನ್ನು ನುಡಿ ತಂತ್ರಾಂಶದ ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸಿರುವುದರಿಂದ ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಕನ್ನಡವು ಕಾಣದು. ನುಡಿಯನ್ನು ಹಾಕಿದೊಡನೆ ಎಲ್ಲವೂ ಓದಲು ಬಂತು. ಅಂದಿನಿಂದ ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡಬೇಕೆಂದು ಕಛೇರಿಯಲ್ಲಿ ಗೊತ್ತುಮಾಡಿದ್ದೇವೆ.

ಅಂಕಗಳ ಪಟ್ಟಿಯು ಒಂದಂಕೆಯೂ ತಪ್ಪದೆ ಸಿಕ್ಕಿತು, ಲೇಖನಗಳೂ ಸಿಕ್ಕಿದವು. ಭಾವಚಿತ್ರಗಳಲ್ಲಿ ಏಳು ತೆರೆಯಲಿಲ್ಲ. ಅವುಗಳಲ್ಲಿ ಆರನ್ನು ಕಳುಹಿಸಿದವರೇ ದಯವಿಟ್ಟು ಮತ್ತೆ ಕಳುಹಿಸಿಕೊಟ್ಟರು. ಏಳನೆಯದು 1958ರಲ್ಲಿ ಹಾಸ್ಟೆಲಿನ ಹುಡುಗಿಯರು ಬಾವಿಕಟ್ಟೆಯ ಬಳಿ ನಿಂತು ತೆಗೆಯಿಸಿಕೊಂಡ ಗುಂಪಿನ ಚಿತ್ರ. ನಾವು ಅದನ್ನು ಸ್ಕ್ಯಾನ್ ಮಾಡಿ ಮೂಲಪ್ರತಿಯನ್ನು ಒಡತಿಯವರಿಗೆ ಹಿಂತಿರುಗಿಸಿದ್ದೆವು. ಅವರು ಮನೆ ಬದಲಾಯಿಸುವಾಗ ಅದು ಎಲ್ಲಿಯೋ ಕಳೆದುಹೋಯಿತಂತೆ. ಈ ಸಂಚಿಕೆಯ ಹಾಸ್ಟೆಲಿನ ಪುಟದಲ್ಲಿ ಚೌಕಟ್ಟೊಂದು ಬರಿದಾಗಿರುವುದಕ್ಕೆ ಇದೇ ಕಾರಣ. ಆ ವರ್ಷ ಹಾಸ್ಟೆಲಿನಲ್ಲಿದ್ದವರಲ್ಲಿ ಯಾರ ಮನೆಯಲ್ಲಾದರೂ, ಹಳೆಯ ಆಲ್ಬಮ್ಮಿನಲ್ಲಾಗಲಿ ಗೋಡೆಯ ಮೇಲಾಗಲಿ, ಅದರ ಇನ್ನೊಂದು ಪ್ರತಿಯಿದ್ದರೆ ಶಾಲೆಯ ಕಛೇರಿಗೆ ತಂದು ತೋರಿಸಬೇಕೆಂದು ಬೇಡಿಕೊಳ್ಳುತ್ತೇವೆ. ಪ್ರತಿಯನ್ನು ತೆಗೆದುಕೊಂಡು ಚಿತ್ರವನ್ನು ಅದೇ ದಿನ ಹಿಂತಿರುಗಿಸಲಾಗುವುದು.